ಹಡಗಿಗೆ ಕೊಟ್ಟ ಕಾಲ್ಗಡಗ

ಬ್ರಿಟಿಷ್ ಸಾಮ್ರಾಜ್ಯದ ನೌಕಾಪಡೆಯ ಖರ್ಚನ್ನು ವಸಾಹತುಗಳು ಹೇಗೆ ಹಂಚಿಕೊಂಡವು ಎಂಬ ಪಾಠವನ್ನು ತುಮಕೂರಿನ ಕಾಲೇಜೊಂದರಲ್ಲಿ ನಾನು ಇಪ್ಪತ್ತಾರು ವರ್ಷ ಮಾಡಿದ್ದೇನೆ. ಐದು ಅಂಕದ ಪ್ರಶ್ನೆ. ಆಸ್ಟ್ರೇಲಿಯ ಕೊಡುತ್ತಿತ್ತು, ನ್ಯೂಜಿಲೆಂಡ್ ಕೊಡುತ್ತಿತ್ತು, ಇಂಡಿಯಾದ ಬೊಕ್ಕಸದಿಂದಲೂ ಹೋಗುತ್ತಿತ್ತು ಎಂದು ಬರೆಸುವುದು, ಬೆಲ್ ಹೊಡೆದ ಮೇಲೆ ಮರೆಯುವುದು.

ಹೋದ ವರ್ಷ ಗುಬ್ಬಿಯಿಂದ ರೈಲಿನಲ್ಲಿ ಬರುವ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ಅಪ್ಪ ಬಿದರೆಹಳ್ಳಿ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು.

"ಮೇಡಂ, ಈಗೇನೋ ಹೆಲಿಕಾಪ್ಟರ್ ನಮ್ಮೂರ ಪಕ್ಕದಲ್ಲೇ ಮಾಡ್ತಾರೆ. ನಮ್ ದುಡ್ಡು ಎಲ್ಲಿಗ್ ಹೋಯ್ತು ಅಂತ ಗೊತ್ತಾಗುತ್ತೆ. ಆವಾಗ ಇಂಗ್ಲಿಷರ ಹಡಗಿಗೆ ನಮ್ ಕಡೆಯವ್ರೂ ಕೊಟ್ಟಿದ್ರಾ?"

"ನಮ್ದು ಮೈಸೂರು ಸಂಸ್ಥಾನ ಕಣಮ್ಮ. ಸಮುದ್ರಾನೇ ನೋಡ್ದಿರೋ ಜನ, ಹಡಗಿಗ್ಯಾಕೆ ಕೊಡ್ತಾರೆ?" ಎಂದೆ. ಕ್ಲಾಸು ನಕ್ಕಿತು.

ಆ ಭಾನುವಾರ ಸೋದರತ್ತೆಯನ್ನು ನೋಡಲು ಅಮೃತೂರಿಗೆ ಹೋದೆ. ತೊಂಬತ್ತು ದಾಟಿದ್ದರೂ ಅತ್ತೆಯ ಮಾತು ಗಟ್ಟಿ. ಇಬ್ಬರೂ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಹುಡುಗಿಯ ಪ್ರಶ್ನೆಯನ್ನು ತಮಾಷೆಗೆಂದು ಹೇಳಿದೆ. ಅತ್ತೆ ನಗಲಿಲ್ಲ.

"ನಮ್ಮವ್ವ ಕೊಟ್ಟಿತ್ತಲ್ಲೇ ಹಡಗಿಗೆ."

"ಯಾರು, ಅಜ್ಜಿನಾ?"

"ಊಂ. ಯುದ್ಧ ನಡೀತಿತ್ತು, ನಾನಿನ್ನೂ ಸಣ್ಣೋಳು. ಕುಣಿಗಲ್ಲಿಂದ ಅಮಲ್ದಾರ್ರು ಬಂದು ಜಗಲಿ ಮ್ಯಾಲೆ ಕುಂತ್ರು. ಹಡಗು ಕಟ್ಟುಸ್ಬೇಕು, ಎಲ್ರೂ ಕೊಡ್ಬೇಕು ಅಂದ್ರು. ಅಪ್ಪನ ತಾವ ಏನೂ ಇರ್ಲಿಲ್ಲ. ಅವ್ರ ಕಣ್ಣು ಅವ್ವನ ಕಾಲ್ಗಡಗದ ಮ್ಯಾಲೆ ಬಿತ್ತು. ಮದ್ವೇಲಿ ಹಾಕಿದ್ ಬೆಳ್ಳಿ, ಬಿಗಿದು ಕೂತಿತ್ತು. ಹರಳೆಣ್ಣೆ ಹಚ್ಚಿ ಎಳುದ್ರು. ಚರ್ಮನೂ ಸುಲ್ಕೊಂಡ್ ಬಂತು ಕಣೇ."

ಚಿಕ್ಕವಳಿದ್ದಾಗ ಅಜ್ಜಿಯ ಕಾಲು ಒತ್ತುತ್ತಿದ್ದವಳು ನಾನೇ. ಎರಡೂ ಕಣಕಾಲಿನ ಸುತ್ತ ನುಣ್ಣನೆಯ ಬಿಳಿ ಪಟ್ಟಿ ಇತ್ತು. ಕೇಳಿದರೆ, "ಒಲೆ ಬೆಂಕಿ ತಾಕಿತ್ತು, ಬುಡು ಮಗಾ" ಎನ್ನುತ್ತಿದ್ದಳು. ಒಲೆಯ ಬೆಂಕಿ ಎರಡೂ ಕಾಲನ್ನು ಬಳೆಯಂತೆ ಹೇಗೆ ಸುತ್ತುತ್ತದೆ? ಇತಿಹಾಸ ಓದಿ ಎಂ.ಎ. ಮಾಡಿದವಳಿಗೆ ಒಂದು ಸಲವೂ ಅದು ಹೊಳೆದಿರಲಿಲ್ಲ.

"ನೀವ್ಯಾಕೆ ಯಾವತ್ತೂ ಹೇಳ್ಲಿಲ್ಲ ಅತ್ತೆ?"

"ನೀವ್ಯಾರು ಕೇಳಿದ್ರಿ?" ಎಂದರು. ಕಾಯಿ ಸುಲಿಯುತ್ತಲೇ, "ಅದ್ಸರಿ, ಆ ಹಡಗು ಏನಾಯ್ತು? ಓದ್ದೋಳಲ್ವಾ ನೀನು, ಹೇಳು" ಎಂದರು.

ನನಗೆ ಗೊತ್ತಿರಲಿಲ್ಲ. ಆ ಬೆಳ್ಳಿ ಹಡಗಿನವರೆಗೆ ಹೋಯಿತೋ, ಕುಣಿಗಲ್ ದಾಟಿತೋ ಇಲ್ಲವೋ, ಅದೂ ಗೊತ್ತಿರಲಿಲ್ಲ. ತುಮಕೂರಿನ ಉಪ್ಪಾರಹಳ್ಳಿಯ ನನ್ನ ಮನೆಗೆ ಬರುವ ತನಕ ಬಸ್ಸಿನಲ್ಲಿ ನನ್ನ ಕಾಲನ್ನೇ ನೋಡುತ್ತ ಕೂತಿದ್ದೆ.

ಮರುದಿನ ಕ್ಲಾಸಿನಲ್ಲಿ, "ನಾನು ಹೇಳಿದ್ದು ತಪ್ಪು. ನಮ್ಮ ಕಡೆಯವರೂ ಕೊಟ್ಟಿದ್ದಾರೆ. ನಮ್ಮ ಮನೆಯವರೇ ಕೊಟ್ಟಿದ್ದಾರೆ" ಎಂದು ಎಲ್ಲವನ್ನೂ ಹೇಳಿದೆ. ಗುಬ್ಬಿಯ ಹುಡುಗಿ ಕೈ ಎತ್ತಲಿಲ್ಲ, ಕೂತಲ್ಲಿಂದಲೇ ಮೆಲ್ಲಗೆ ಕೇಳಿದಳು.

"ಎಳಿಯೋವಾಗ ಅಜ್ಜಿ ಕಿರುಚ್ಲಿಲ್ವಾ ಮೇಡಂ?"

ಅದನ್ನು ನಾನು ಅತ್ತೆಯನ್ನು ಕೇಳಿರಲಿಲ್ಲ. ಕೇಳುವ ಧೈರ್ಯ ಇವತ್ತಿಗೂ ಬಂದಿಲ್ಲ.