ನೀರು ತಾಗದ ಕಲ್ಲು

ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿದ್ದಾಗ ನಾನು ಕಲಬುರಗಿಯಲ್ಲಿ ಹಿರಿಯ ಭೂವಿಜ್ಞಾನಿಯಾಗಿದ್ದೆ. ಹುದ್ದೆಯ ಹೆಸರು ದೊಡ್ಡದು, ಕೆಲಸ ಬೋರ್‌ವೆಲ್‌ಗೆ ಜಾಗ ತೋರಿಸುವುದು. ಆಳಂದದ ಕಪ್ಪು ಬಸಾಲ್ಟ್, ಜೇವರ್ಗಿಯ ಸುಣ್ಣದಕಲ್ಲು, ಇವೆರಡರ ನಡುವೆ ಮೂವತ್ತು ವರ್ಷ ಜೀಪಿನಲ್ಲಿ ಓಡಾಡಿದ್ದೆ. ಓದುವ ಕಾಲದಲ್ಲಿ ನನಗಿದ್ದ ಹುಚ್ಚು ಬೇರೆ: ಗ್ರಹಗಳ ಭೂವಿಜ್ಞಾನ. ಚಂದ್ರನ ಮೇಲೆ ಕಾಣುವ ಕಪ್ಪು ಕಲೆಗಳೂ ಆಳಂದದ ನೆಲದಂತೆ ಲಾವಾ ಹರಿದು ಗಟ್ಟಿಯಾದ ಬಸಾಲ್ಟೇ. ಆದರೆ ಭೂಮಿಯದಲ್ಲದ ಒಂದೇ ಒಂದು ಕಲ್ಲನ್ನೂ ನಾನು ಹತ್ತಿರದಿಂದ ಕಂಡಿರಲಿಲ್ಲ.

ಶ್ರಾವಣದ ಒಂದು ಗುರುವಾರ ಅಫಜಲಪುರ ತಾಲ್ಲೂಕಿನ ಅತನೂರಿನಿಂದ ಫೋನ್ ಬಂತು. ಹಿಂದಿನ ಸಂಜೆ ಆಕಾಶದಲ್ಲಿ ಗುಡುಗಿದಂತಾಗಿ ಗುರುಪಾದಪ್ಪ ಎಂಬವರ ಹಿತ್ತಲಿನಲ್ಲಿ ಜೋಳದ ಕಣಕಿಯ ಬಣವೆಯೊಳಗೆ ಕಲ್ಲೊಂದು ಬಿದ್ದಿತ್ತು. ಹೋಗಿ ತೂಗಿದೆ, 312 ಗ್ರಾಂ. ಮೇಲೆ ತೆಳುವಾದ ಕಪ್ಪು ಸಿಪ್ಪೆ. ಇದನ್ನು ಫ್ಯೂಷನ್ ಕ್ರಸ್ಟ್ ಎನ್ನುತ್ತಾರೆ. ಉಲ್ಕೆ ಉರಿಯುತ್ತ ಇಳಿಯುವಾಗ ಮೇಲ್ಮೈ ಕರಗಿ ಆಗುವ ಪದರ. ಒಂದು ಬದಿ ಸಿಪ್ಪೆ ಒಡೆದಿತ್ತು, ಒಳಗಿನ ಬೂದುಗಪ್ಪು ಭಾಗ ಸೋಕಿದರೆ ಉದುರುತ್ತಿತ್ತು. ಅದನ್ನು ಕಂಡದ್ದೇ ಗುರುತು ಹಿಡಿದೆ. ಇದು ಕಾರ್ಬನೇಶಿಯಸ್ ಕಾಂಡ್ರೈಟ್, ಅಂದರೆ ಗ್ರಹಗಳು ಹುಟ್ಟುವ ಮುಂಚಿನ ಧೂಳು. ಅಂದಿನ ಇಂಗಾಲದ ಸಂಯುಕ್ತಗಳು ಅದರೊಳಗೆ ಹಾಗೇ ಇರುತ್ತವೆ. ನೀರು ಬಿದ್ದರೆ ಇಂಥ ಕಲ್ಲು ಕೆಸರಾಗುತ್ತದೆ. ಸುತ್ತಲಿನ ಹೊಲಗಳಲ್ಲಿ ಬೇರೆ ತುಂಡು ಬಿದ್ದಿದ್ದರೂ ಅಷ್ಟರಲ್ಲಿ ರಾತ್ರಿಯ ಮಳೆಗೆ ಕರಗಿ ಹೋಗಿರುತ್ತಿತ್ತು. ನಮ್ಮ ಪಾಲಿಗೆ ಉಳಿದದ್ದು ಬಣವೆಯೊಳಗೆ ನೆನೆಯದೆ ಇದ್ದ ಇದೊಂದೇ.

ನನ್ನ ಬಳಿ ಇದ್ದದ್ದು ಪ್ಲಾಸ್ಟಿಕ್ ಚೀಲಗಳು. ಪ್ಲಾಸ್ಟಿಕ್ಕಿನ ಇಂಗಾಲ ಕಲ್ಲಿಗೆ ಹತ್ತಿದರೆ ಮೂಲ ಯಾವುದು, ಬೆರಕೆ ಯಾವುದು ಎಂದು ಹೇಳಲಾಗದು. ಹಾಗೇ ಜೀಪಿನಲ್ಲಿ ತಂದರೆ ಆ ರಸ್ತೆಯ ಕುಣಿತಕ್ಕೆ ಕಲ್ಲು ಪುಡಿಯಾದೀತು. ಶುದ್ಧಗೊಳಿಸಿ ಮೊಹರು ಮಾಡಿದ ಡಬ್ಬಿ ಬೆಂಗಳೂರಿನಿಂದ ಬರಬೇಕಿತ್ತು. ನಾಲ್ಕು ದಿನ ಕಲ್ಲನ್ನು ಅವರ ಮನೆಯಲ್ಲೇ ಸ್ಟೀಲ್ ತಟ್ಟೆಯಲ್ಲಿಟ್ಟು ಬೋಗುಣಿ ಮುಚ್ಚಿಡುವುದೆಂದು ನಿರ್ಧರಿಸಿದೆ.

ಗುರುಪಾದಪ್ಪ ಇಷ್ಟಲಿಂಗಕ್ಕೆ ಕಂತಿ ಕಟ್ಟುವವರು. ಕೊರಳಲ್ಲಿ ಧರಿಸುವ ಪುಟ್ಟ ಲಿಂಗದ ಮೇಲಿನ ಕಪ್ಪು ಹೊದಿಕೆಯೇ ಕಂತಿ. ಬೂದಿ, ದೀಪದ ಕಪ್ಪು, ಎಣ್ಣೆ ಸೇರಿಸಿ ಅರೆದು ಹಚ್ಚುತ್ತಾರೆ. ನಿತ್ಯ ಪೂಜೆಯ ನೀರು ಒಳಗಿನ ಕಲ್ಲಿಗೆ ಇಳಿಯದಂತೆ ಅದು ಕಾಯುತ್ತದೆ.

"ಥೇಟ್ ನಮ್ಮ ಕಂತಿ ಇದ್ದಂಗ ಅದ ನೋಡ್ರಿ. ಈ ಕಡಿ ಬಿಟ್ಟದ," ಎಂದರು ಅವರು ಒಡೆದ ಬದಿ ತೋರಿಸಿ.

"ಹೌದ್ರಿ, ಇದಕ್ಕೂ ಮ್ಯಾಲ ಯಾರೋ ಕಂತಿ ಕಟ್ಯಾರ," ಎಂದು ನಾನು ನಗೆ ಹಾರಿಸಿದೆ. ನನ್ನ ತಲೆಯಲ್ಲಿದ್ದ ಭಯ ಇನ್ನೊಂದು. ಪೂಜೆ ಮಾಡಬೇಡಿ, ಕುಂಕುಮ ಹಚ್ಚಬೇಡಿ ಎಂದು ಮೂರು ಸಲ ಹೇಳಿದೆ. ಅವರಿಗೆ ಬೇಸರವಾಯಿತು.

"ಸಿಕ್ಕ ಕಲ್ಲಿಗೆಲ್ಲ ಕೈ ಮುಗಿಯೋ ಮಂದಿ ಅಲ್ರಿ ನಾವು. ನಮ್ಮ ಲಿಂಗ ನಮ್ಮ ಕೊರಳಾಗ ಅದ."

"ಆತ್ರಿ. ಆದ್ರ ನೀರು ತಾಗಬಾರದು. ಒಂದು ಹನಿ ತಾಗಿದ್ರೂ ಎಲ್ಲ ಹಾಳು."

"ತಾಗಂಗಿಲ್ರಿ. ಅದು ನನ್ನ ಜವಾಬ್ದಾರಿ."

ಇಂಗಾಲದ ಮಾತು ನಾನು ಎತ್ತಲೇ ಇಲ್ಲ. ಇವರಿಗೆ ಅದೆಲ್ಲಿ ತಿಳಿಯುತ್ತದೆ ಎಂದುಕೊಂಡೆ.

ಸೋಮವಾರ ಬೆಳಿಗ್ಗೆ ಡಬ್ಬಿ ಹಿಡಿದು ಹೋದೆ. ಗುರುಪಾದಪ್ಪ ಹೆಮ್ಮೆಯಿಂದ ಬೋಗುಣಿ ಎತ್ತಿದರು. ಕಲ್ಲು ಸುತ್ತಲೂ ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು. ಒಡೆದ ಬದಿ ಎಲ್ಲಿತ್ತೆಂದೇ ಗೊತ್ತಾಗಲಿಲ್ಲ.

"ನಿನ್ನಿ ಮಾಳಗಿ ಸೋರಾಕತ್ತಿತ್ರಿ. ನೀವು ನೀರು ತಾಗಬಾರದು ಅಂದಿದ್ರಿ. ಸಡಿಲಿದ್ದದ್ದೆಲ್ಲ ಕೆರೆದು ತಗದು, ಪೂರ್ತಿ ಕಂತಿ ಕಟ್ಟೇನಿ. ಇನ್ನ ಹೊಳ್ಯಾಗ ಮುಳುಗಿಸಿದ್ರೂ ಹನಿ ಒಳಗ ಹೋಗಂಗಿಲ್ಲ."

ಡಬ್ಬಿಯನ್ನು ಕೆಳಗಿಟ್ಟೆ. ಎಣ್ಣೆ, ಮಸಿ, ಎರಡೂ ಇಂಗಾಲವೇ. ಆಮೇಲೆ ಒಂದು ಆಸೆ ಹೊಳೆಯಿತು. ಕೆರೆದು ತೆಗೆದ ಪುಡಿಗೆ ಎಣ್ಣೆ ತಾಗಿರಲಿಕ್ಕಿಲ್ಲ. "ಆ ಪುಡಿ ಎಲ್ಲಿ ಅದರಿ?"

"ಕಂತಿ ಕಟ್ಟುವಾಗ ಉದುರಿದ್ದು ಕಾಲಾಗ ಬೀಳಬಾರದು, ಹೊಳಿಗೆ ಬಿಡಬೇಕು ಅಂತ ನಮ್ಮ ಮನಿ ರೂಢಿ ಅದ್ರಿ. ಸೊಸಿ ಈಗ ಭೀಮಾ ಹೊಳಿಗೆ ಹೋದಳು."

ಅವರನ್ನು ಜೀಪಿಗೆ ಹತ್ತಿಸಿಕೊಂಡೆ. ದಾರಿಯಲ್ಲಿ ಚಾಲಕನನ್ನು ಬೈದೆ, ಗುಂಡಿಗಳನ್ನು ಬೈದೆ, ಎಲ್ಲಕ್ಕಿಂತ ಹೆಚ್ಚು ನನ್ನನ್ನೇ ಬೈದುಕೊಂಡೆ. ಭೀಮಾ ತುಂಬಿ ಕೆಂಪಗೆ ಹರಿಯುತ್ತಿದ್ದಳು. ಮೆಟ್ಟಿಲ ಕೆಳಗೆ ಸೊಸೆ ನೀಲಮ್ಮ ಬಗ್ಗಿ ನಿಂತಿದ್ದಳು.

"ನೀಲಮ್ಮಾ, ತಡಿಬೇ!" ಗುರುಪಾದಪ್ಪ ಕೂಗಿದರು.

ಆಕೆ ತಿರುಗಿದಳು. ಎರಡೂ ಅಂಗೈ ಖಾಲಿಯಾಗಿದ್ದವು, ಒದ್ದೆಯಾಗಿದ್ದವು.

"ಈಗ ಬಿಟ್ಟೆನ್ರಿ ಮಾವಾರ."

ಬೂಟಿನ ಸಮೇತ ನೀರಿಗಿಳಿದು ಬೊಗಸೆಯಲ್ಲಿ ಮೊಗೆದೆ. ಬಂದದ್ದು ಕೆಂಪು ನೀರು. ಮತ್ತೆ ಮೊಗೆದೆ. ಮೆಟ್ಟಿಲ ಮೇಲೆ ಕುಳಿತು, ಐವತ್ತೆಂಟರ ಗಂಡಸು, ನಾಚಿಕೆ ಬಿಟ್ಟು ಅತ್ತೆ. ಆಗ ಅವರಿಗೆ ಎಲ್ಲ ಹೇಳಿದೆ: ಗ್ರಹಗಳ ಹುಟ್ಟು, ಕಲ್ಲಿನೊಳಗಿನ ಇಂಗಾಲ, ಎಣ್ಣೆ ಮಾಡುವ ಬೆರಕೆ. ಗುರುಪಾದಪ್ಪ ಒಂದು ಮಾತೂ ಬಿಡದೆ ಕೇಳಿದರು.

"ಇಷ್ಟು ಮಾತು ಗುರುವಾರ ಯಾಕ ಹೇಳಲಿಲ್ರಿ, ಸಾಹೇಬ್ರ? ಎಣ್ಣಿ ಕಲ್ಲಿನೊಳಗ ಎಷ್ಟು ಇಳೀತದ ಅನ್ನೋದು ನನಗಿಂತ ಯಾರಿಗೆ ಗೊತ್ತದ? ನಲವತ್ತು ವರ್ಷ ಅದನ್ನೇ ಮಾಡೇನಿ."

ಪ್ರಯೋಗಾಲಯದಲ್ಲಿ ಕಲ್ಲನ್ನು ಕೊಯ್ದಾಗ ಅವರ ಮಾತೇ ನಿಜವಾಯಿತು: ಎಣ್ಣೆ ನಡುವಿನವರೆಗೆ ಇಳಿದಿತ್ತು. ಖನಿಜಗಳ ಅಧ್ಯಯನಕ್ಕೆ ಅರ್ಧ ಕಲ್ಲು ಬಳಕೆಯಾಯಿತು. ಇಂಗಾಲದ ಅಧ್ಯಯನ ಅಲ್ಲಿಗೇ ಮುಗಿಯಿತು.

ಉಳಿದರ್ಧ ಕಚೇರಿಗೆ ಮರಳಿದಾಗ ಗುರುಪಾದಪ್ಪನವರಿಗೆ ಫೋನ್ ಮಾಡಿದೆ. ಅವರು ಬಂದರು, ಕೊಯ್ದ ಬದಿಯನ್ನು ನೋಡಿದರು, ಈ ಸಲ ನನ್ನನ್ನು ಕೇಳಿ ಅದಕ್ಕೂ ಕಂತಿ ಕಟ್ಟಿದರು. ಅಂದಿನಿಂದ ಯಾರ ಮನೆಯಲ್ಲಿ ಏನನ್ನು ಬಿಟ್ಟು ಬಂದರೂ, ಏನು ಮಾಡಬಾರದು ಎಂದಷ್ಟೇ ಹೇಳಿ ಎದ್ದು ಬಂದಿಲ್ಲ. ಕೂತು ಕಾರಣ ಹೇಳಿದ್ದೇನೆ, ನೀವು ಹೇಗೆ ಕಾಯುತ್ತೀರಿ ಎಂದು ಕೇಳಿದ್ದೇನೆ. ಮೂವತ್ತು ವರ್ಷದ ಕೆಲಸ ಕಲಿಸದ ಪಾಠವನ್ನು ಆ ನಾಲ್ಕು ದಿನಗಳು ಕಲಿಸಿದವು.

ಕಳೆದ ಮಳೆಗಾಲದಲ್ಲಿ ಕಚೇರಿಯ ಮಾಳಿಗೆ ಸೋರಿ ಕಪಾಟಿನ ಮಾದರಿಗಳೆಲ್ಲ ನೆನೆದವಂತೆ. ಸುದ್ದಿ ಕೇಳಿ ಓಡಿ ಹೋದೆ. ಅತನೂರಿನ ಕಲ್ಲಿನ ಮೇಲೆ ಹನಿಗಳು ನಿಂತಿದ್ದವು. ಬಟ್ಟೆಯಿಂದ ಒರೆಸಿದೆ. ಒಂದು ಹನಿಯೂ ಒಳಗಿಳಿದಿರಲಿಲ್ಲ.