ಕೆಸರಿನಲ್ಲಿ ಹುಡುಕಿದ ಕಾಲುಂಗುರ

ಮಸ್ಕತ್ತಿನ ವಾದಿ ಅದಾಯ್‌ನ ಗ್ಯಾರೇಜಿನಲ್ಲಿ ನಾನು ಡ್ರೈವರ್. ವೀಸಾ ಕೊಟ್ಟ ಧಣಿ, ಅಂದರೆ ಕಫೀಲ್, ಕೆಮ್ಮುವುದು, ಮೇಸ್ತ್ರಿ ಬೈಯುವುದು, ಇಬ್ಬರೆದುರೂ ನಾನು ಬಾಲ ಮುದುರಿ ‘ಯೆಸ್ ಸಾರ್’ ಅನ್ನುವುದು, ಎಲ್ಲವನ್ನೂ ನಕಲು ಮಾಡಿ ತೋರಿಸುತ್ತಿದ್ದೆ. ಇವನು ಸ್ವಲ್ಪ ದಿನ ದೂರವಿದ್ದರೆ ಸಾಕು ಅನ್ನಿಸಿತೋ ಏನೋ, ತೊಂಬತ್ತರ ದಶಕದ ಆರಂಭದ ಒಂದು ಚಳಿಗಾಲ, ಹಕ್ಕಿ ವಿಜ್ಞಾನಿಗಳ ಗಾಡಿ ಓಡಿಸಲು ನನ್ನನ್ನೇ ಕಳಿಸಿದರು.

ಮಸ್ಕತ್‌ನಿಂದ ದಿನವಿಡೀ ದಕ್ಷಿಣಕ್ಕೆ ಓಡಿದರೆ ಸಿಗುವ ಕಡಲಂಚಿನ ಕೆಸರು. ಉತ್ತರಧ್ರುವದ ಬಳಿ ಮರಿ ಮಾಡುವ ಪುಟ್ಟ ಹಕ್ಕಿಗಳು ಚಳಿಗೆ ಹೆದರಿ ಅಲ್ಲಿಗೆ ಬರುತ್ತವೆ. ತಂಡದ ಯಜಮಾನಿ ಒಬ್ಬ ಡಚ್ ಹೆಂಗಸು. ಜೊತೆಗೆ ರಷ್ಯದ ವಯಸ್ಸಾದ ಪ್ರೊಫೆಸರು. ಬೇಸಿಗೆಯಲ್ಲಿ ಈ ಪ್ರೊಫೆಸರು ಹಿಮದ ನಾಡಿನ ತಮ್ಮ ಶಿಬಿರದಲ್ಲಿ ಹಕ್ಕಿಗಳ ಕಾಲಿಗೆ ಅಂಕಿ ಕೊರೆದ ಉಂಗುರ ತೊಡಿಸಿ ಬಿಡುತ್ತಿದ್ದರು. ಅವರ ದೇಶ ಆಗಷ್ಟೇ ಒಡೆದುಹೋಗಿತ್ತು, ಶಿಬಿರಕ್ಕೆ ಬರುವ ಹಣ ನಿಂತಿತ್ತು. ಆ ಉಂಗುರದ ಒಂದೇ ಒಂದು ಹಕ್ಕಿ ಒಮಾನಿನಲ್ಲಿ ಸಿಕ್ಕರೆ ಡಚ್ಚರು ಶಿಬಿರ ನಡೆಸಿಕೊಡುತ್ತಾರೆ. ಇಲ್ಲದಿದ್ದರೆ ಅದಕ್ಕೆ ಬೀಗ.

“ಹಕ್ಕಿಗೆ ಕಾಲುಂಗುರ! ಮದುವೆ ಆಗಿದೆಯಾ ಅಂತ ನೋಡ್ಲಿಕ್ಕೆ ಇಷ್ಟು ದೂರ ಬಂದದ್ದಾ ಇವ್ರು?” ಎಂದು ಅಡುಗೆಯ ಬ್ಯಾರಿ ಕಾಕ ನಕ್ಕರು.

“ನಿಮ್ಗೂ ಒಂದು ಹಾಕಿಸುವಾ ಕಾಕ. ಊರಿಗೆ ಹೋದಾಗ ಮನೆಯವ್ರಿಗೆ ಗುರುತಾದ್ರೂ ಸಿಗ್ತದೆ,” ಎಂದೆ.

“ಬಾಯಿ ಮುಚ್ಚು ಮಾರಾಯ,” ಅಂದವರು ಬೆನ್ನು ತಿರುಗಿಸಿ ಈರುಳ್ಳಿ ಹೆಚ್ಚತೊಡಗಿದರು.

ಪ್ರತಿ ಬಲೆಯಲ್ಲೂ ಪ್ರೊಫೆಸರು ಮೊದಲು ನೋಡುತ್ತಿದ್ದದ್ದು ಕಾಲು, ಆಮೇಲೆ ಹಕ್ಕಿ. ಎಲ್ಲವೂ ಬರಿಗಾಲು. ಯಜಮಾನಿ ಅವಕ್ಕೆ ತನ್ನ ಉಂಗುರ ತೊಡಿಸಿ ಬಿಡುತ್ತಿದ್ದಳು. ತಮ್ಮ ಹಕ್ಕಿಯ ಹಾಡನ್ನು ಅವರೇ ಸಿಳ್ಳೆ ಹಾಕಿ ಕಲಿಸಿಕೊಟ್ಟರು. ನಾನು ಅಚ್ಚು ಹಾಗೆಯೇ ಸಿಳ್ಳೆ ಹಾಕಿದೆ. ಒಂದು ಹಕ್ಕಿಯೂ ಕತ್ತು ತಿರುಗಿಸಲಿಲ್ಲ.

“ನಿನ್ನ ತಪ್ಪಲ್ಲ. ಅದು ಗೂಡು ಕಟ್ಟುವ ಜಾಗದ ಹಾಡು. ಇಲ್ಲಿ ಅವು ಹಾಡುವುದಿಲ್ಲ,” ಎಂದರು ಪ್ರೊಫೆಸರು.

ಕೊನೆಯ ದಿನ ಬೆಳಿಗ್ಗೆ ಬಲೆಯೊಳಗೆ ಒಂದು ಕಾಲು ಮಿನುಗಿತು. ಪ್ರೊಫೆಸರು ಓಡಿದರು, ಒಂದು ಬೂಟು ಕೆಸರಲ್ಲೇ ಉಳಿಯಿತು. ಹಕ್ಕಿಯನ್ನು ಬಿಡಿಸಿ ಯಜಮಾನಿಯ ಮುಂದೆ ಹಿಡಿದರು. ಆಕೆ ಕನ್ನಡಕ ಏರಿಸಿ ಓದಿದಳು. ಮತ್ತೊಮ್ಮೆ ಓದಿದಳು.

“ಇದು ನಮ್ಮದೇ. ಹೋದ ವಾರ ಇಲ್ಲೇ ತೊಡಿಸಿದ್ದು.” ಆಮೇಲೆ ಮೆಲ್ಲಗೆ, “ಇನ್ನು ನಾನು ಹಣ ಕೇಳಲಾರೆ. ಕ್ಷಮಿಸಿ.”

ಪ್ರೊಫೆಸರು ಹಕ್ಕಿಯ ರೆಕ್ಕೆ ನೇವರಿಸಿ ಹಾರಿಬಿಟ್ಟರು. “ವಸಂತಕ್ಕೆ ಇದು ನಮ್ಮಲ್ಲಿಗೆ ಬರುತ್ತದೆ,” ಎಂದರು. “ಉಂಗುರ ಓದಲು ಅಲ್ಲಿ ಯಾರೂ ಇರುವುದಿಲ್ಲ.”

ಇಂಗ್ಲಿಷ್ ಬಾರದ ಕಾಕ ಗಂಜಿಯ ಪಾತ್ರೆ ಹಿಡಿದು ನಿಂತಿದ್ದರು. “ಎಂಥ ಹೇಳಿದ್ದು ಅವ್ರು?”

“ಹಸಿವಿಲ್ಲವಂತೆ,” ಎಂದೆ.