ಕತ್ತರಿ ಅಕ್ಕನ ಬಲ ಹೆಗಲು

ನಮ್ಮ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದವಳನ್ನು ಎಲ್ಲರೂ ಕತ್ತರಿ ಅಕ್ಕ ಎಂದೇ ಕರೆಯುತ್ತಿದ್ದೆವು. ಅವಳಿಗಿದ್ದಷ್ಟು ಅನುಮಾನ ಇನ್ನೊಬ್ಬರಿಗಿದ್ದದ್ದನ್ನು ನಾನಂತೂ ಕಂಡಿಲ್ಲ. ಗಂಡ ಬಾಗಿಲಿಗೆ ಬೀಗ ಹಾಕಿ ಎಳೆದು ನೋಡಿದ ಮೇಲೆ ಇವಳು ಹೋಗಿ ಇನ್ನೊಮ್ಮೆ ಎಳೆದು ನೋಡುವಳು. ಚಹಾ ತಂದವಳು ನಗುತ್ತಾ ಲೋಟ ಇಟ್ಟರೆ, ಅವಳು ನಕ್ಕಿದ್ದೇಕೆ ಎಂದು ಚಹಾ ತಣ್ಣಗಾಗುವ ತನಕ ಯೋಚಿಸುವಳು.

ಹಾಗೆಂದು ಅವಳನ್ನು ಹುಚ್ಚಿ ಅನ್ನುವಂತಿಲ್ಲ. ಆ ಕಸುಬಿಗೆ ಅನುಮಾನವೇ ಬಂಡವಾಳ. ಬಟ್ಟೆಯ ಟೇಪು ಎಳೆದೂ ಎಳೆದೂ ಉದ್ದವಾಗುತ್ತದೆ ಎನ್ನುವುದು ಎಷ್ಟು ಜನ ಹೊಲಿಗೆಯವರಿಗೆ ಗೊತ್ತು? ಅವಳಿಗೆ ಗೊತ್ತಿತ್ತು. ವಾರಕ್ಕೊಮ್ಮೆ ಟೇಪನ್ನು ಕಬ್ಬಿಣದ ಪಟ್ಟಿಯ ಪಕ್ಕದಲ್ಲಿ ಮಲಗಿಸಿ, ಎರಡನ್ನೂ ಕಳ್ಳರನ್ನು ನೋಡುವ ಹಾಗೆ ನೋಡುವಳು. ಗಿರಾಕಿ ಬಾಯಲ್ಲಿ ಹೇಳಿದ ಅಳತೆಯನ್ನು ನಂಬುತ್ತಿರಲಿಲ್ಲ. ತಾನೇ ಅಳೆದರೂ ನಂಬದೆ ಹಳೆಯ ಅಂಗಿ ತರಿಸಿ ಅದರ ಮೇಲಿಟ್ಟು ನೋಡುತ್ತಿದ್ದಳು. "ಆಡಿದ ಮಾತಾದ್ರೆ ತಿರುಗಿಸ್ಕೊಬಹುದು. ಕತ್ತರಿ ಬಿದ್ಮೇಲೆ ಬಟ್ಟೇನ ಏನ್ ಮಾಡ್ತೀಯ?" ಎನ್ನುವಳು. ಇಪ್ಪತ್ತೆರಡು ವರ್ಷದಲ್ಲಿ ಅವಳ ಮೇಜಿನ ಮೇಲೆ ಒಂದು ತೋಳೂ ಕೆಟ್ಟಿರಲಿಲ್ಲ.

ನಾನು ಅದೇ ಮೇಜಿನ ಪಕ್ಕ, ಕಿಟಕಿಯ ಕೆಳಗೆ ಕುಳಿತು ಕಾಜಾ ಹೊಲಿಯುತ್ತಿದ್ದೆ. ಗುಂಡಿ ತೂರುವ ಕಿಂಡಿಗೆ ದಾರದಿಂದ ಅಂಚು ಕಟ್ಟುವ ಕೆಲಸ. ಅದಕ್ಕೇ ನನ್ನ ಹೆಸರು ಕಾಜಕ್ಕ. ಅವಳು ಅರೆಬರೆ ನಂಬುತ್ತಿದ್ದ ಒಂದೇ ಜೀವ ನಾನು. ಅದೂ ನನ್ನ ಕಣ್ಣು ಸೂಜಿ ಬಿಟ್ಟು ಆಚೀಚೆ ಹೋಗುವುದಿಲ್ಲ ಎನ್ನುವ ಕಾರಣಕ್ಕೆ.

ಒಂದು ಸೋಮವಾರ ಅವಳು ಮೇಲಿನ ಹಲಗೆಯಿಂದ ಬಟ್ಟೆಯ ಥಾನು ಎಳೆಯಲು ಕೈ ಎತ್ತಿದಳು. ಕೈ ಎದೆಮಟ್ಟಕ್ಕೆ ಬಂದು ಮೊಳೆ ಹೊಡೆದಂತೆ ನಿಂತುಬಿಟ್ಟಿತು. ಅವಳು ಮೊದಲು ಮಾಡಿದ್ದೇನು ಗೊತ್ತೇ? ನೆಲದಿಂದ ಹಲಗೆಗೆ ಟೇಪು ಹಿಡಿದು ಅಳೆದಳು. ಯಾರೋ ಬೇಕೆಂದೇ ಹಲಗೆಯನ್ನು ಮೇಲೇರಿಸಿದ್ದಾರೆ ಎಂದು ಅವಳ ಲೆಕ್ಕ. ಹಲಗೆ ಇದ್ದಲ್ಲೇ ಇತ್ತು. ಆಗ ಮುಖ ಸಪ್ಪಗಾಯಿತು. ಬಲ ಹೆಗಲು ಆರು ತಿಂಗಳಿಂದ ಬಿಗಿಯುತ್ತಿತ್ತಂತೆ, ಯಾರಿಗೂ ಬಾಯಿ ಬಿಟ್ಟಿರಲಿಲ್ಲ.

ಅಂಗಡಿಯ ಯಜಮಾನಿ ಕಡ್ಡಿ ಮುರಿದಂತೆ ಹೇಳಿದಳು: "ಮುಂದಿನ ಸೋಮವಾರ ಆಸ್ಪತ್ರೆಯವರ ಬಟ್ಟೆ ಬರುತ್ತೆ. ದಾದಿಯರಿಗೆ ಇನ್ನೂರು ಜೊತೆ. ಎಂಟೆಂಟು ಪದರ ಹಾಕಿ ಕತ್ತರಿಸ್ಬೇಕು. ಅವತ್ತು ನಿನ್ನ ಕೈ ಎದ್ರೆ ಮೇಜು ನಿಂದು. ಏಳದಿದ್ರೆ ಎರಡನೇ ಕತ್ತರಿಗೆ ಕೊಡ್ತೀನಿ. ನೀನು ಕಾಜಕ್ಕನ ಪಕ್ಕ ಕೂತು ಗುಂಡಿ ಹಾಕು."

ಎರಡನೇ ಕತ್ತರಿ ಎಂದರೆ ಐದು ವರ್ಷದಿಂದ ಅದೇ ಮೇಜಿನ ತುದಿಯಲ್ಲಿ ಬಿಡಿ ಬಟ್ಟೆ ಕತ್ತರಿಸುತ್ತಿದ್ದ ಚುರುಕು ಹೆಣ್ಣು. ಮದುವೆಯಾಗಿ ಮೂರು ವರ್ಷ. ಬಾಯಿ ಜೋರು, ಕೈ ಅದಕ್ಕಿಂತ ಜೋರು.

ಡಾಕ್ಟರು ಗುಳಿಗೆ ಕೊಟ್ಟು, ಮಾಂಸ ಒಳಗೊಳಗೇ ಗಂಟುಗಟ್ಟಿದೆ, ಆಳಕ್ಕೆ ಒತ್ತಿ ಸಡಿಲಿಸುವವರ ಹತ್ತಿರ ಹೋಗಿ ಅಂದರು. ಮೇಲೆ ಮೇಲೆ ಎಣ್ಣೆ ಸವರಿ ಕಳಿಸುವವರು ಬೇಕಾದಷ್ಟು ಜನ ಇದ್ದರು. ಆಳಕ್ಕೆ ಕೈ ಇಳಿಸುವವಳು ನಮ್ಮ ಬೀದಿಗೆಲ್ಲ ಒಬ್ಬಳೇ: ಲಾಂಡ್ರಿಯ ಹಿಂದಿನ ಕೋಣೆಯ ಮಾಲೀಸಿನಮ್ಮ. ಇಪ್ಪತ್ತು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ಹಾಸಿಗೆ ಹಿಡಿದವರ ಕೈಕಾಲು ನೀವಿ ಕಲಿತ ವಿದ್ಯೆ ಅವಳದು. ಆದರೆ ಒಂದು ತೊಡಕಿತ್ತು. ಎರಡನೇ ಕತ್ತರಿ ಅವಳ ಸ್ವಂತ ಸೊಸೆ.

"ಸೊಸೆಗೆ ಮೇಜು ಸಿಗೋ ಹೊತ್ತಿಗೆ ಸರಿಯಾಗಿ ಅತ್ತೆ ಕೈಗೆ ನನ್ನ ಹೆಗಲು," ಅಂದಳು ಕತ್ತರಿ ಅಕ್ಕ. "ಕಾಜಕ್ಕಾ, ನೀನೂ ಬಾ. ಸಾಕ್ಷಿ ಇರ್ಲಿ."

"ನಿನ್ನ ಹೆಗಲಿಗೆ ನಾನ್ಯಾವ ಸಾಕ್ಷಿನೇ?"

"ಅವಳ ಕೈ ಎಲ್ಲೆಲ್ಲಿ ಹೋಗುತ್ತೆ ನೋಡ್ತಾ ಇರು, ಸಾಕು."

ಮಂಗಳವಾರ ಸಂಜೆ ಹೋದೆವು. ಎರಡು ಕಬ್ಬಿಣದ ಟ್ರಂಕುಗಳ ಮೇಲೆ ಹಳೆಯ ಬಾಗಿಲೊಂದನ್ನು ಅಡ್ಡ ಮಲಗಿಸಿ, ಮೇಲೆ ಕಂಬಳಿ ಹಾಸಿತ್ತು. ಗೋಡೆಯಾಚೆ ಲಾಂಡ್ರಿಯ ಒಲೆ; ಹಾಗಾಗಿ ಗೋಡೆ ಜ್ವರ ಬಂದವರ ಮೈಯ ಹಾಗೆ ಬೆಚ್ಚಗಿತ್ತು. ಮಾಲೀಸಿನಮ್ಮ ಕುಳ್ಳಿ, ಹೆಬ್ಬೆರಳು ಮಾತ್ರ ಗಂಡಸಿನ ಹೆಬ್ಬೆರಳಿಗಿಂತ ದಪ್ಪ.

"ಎಣ್ಣೆ ನಾನೇ ತಂದಿದ್ದೀನಿ," ಎಂದು ಕತ್ತರಿ ಅಕ್ಕ ಸೀಸೆ ಇಟ್ಟಳು.

"ಒಳ್ಳೇದಾಯ್ತು ಬಿಡು, ನಂದು ಉಳೀತು. ಯಾವ ಹೆಗಲು?"

"ಎಡದ್ದು."

ನಾನು ಬಾಯಿ ತೆರೆಯುವಷ್ಟರಲ್ಲಿ ಕತ್ತರಿ ಅಕ್ಕ ನನ್ನ ಕಾಲು ತುಳಿದಳು. ಮಾಲೀಸಿನಮ್ಮ ಎಡ ಹೆಗಲ ಮೇಲೆ ಅಂಗೈ ಇಟ್ಟು ಹೆಬ್ಬೆರಳಿನಿಂದ ಒಂದು ಸುತ್ತು ಬಂದಳು. "ಇದು ಹಾಲು ಕುಡಿದು ಮಲಗಿದ ಮಗು. ಅಳ್ತಾ ಇರೋದು ಈ ಕಡೇದು," ಎಂದು ಬಲ ಹೆಗಲಿಗೆ ಕೈ ಹಾಕಿದಳು. ಪರೀಕ್ಷೆ ಇಟ್ಟವಳಿಗೆ ಇದರಿಂದ ನಂಬಿಕೆ ಬಂತೇ? ಎಲ್ಲಿಯ ನಂಬಿಕೆ! 'ಸೊಸೆ ಎಲ್ಲ ಊದಿಟ್ಟಿದ್ದಾಳೆ' ಎನ್ನುವ ಹಾಗೆ ನನ್ನತ್ತ ಕಣ್ಣು ಹೊರಳಿಸಿದಳು.

ಆ ಕೆಲಸವನ್ನು ನಾನು ಹತ್ತಿರದಿಂದ ನೋಡಿದೆ. ಮೊದಲು ಅಂಗೈ ಇಟ್ಟು ಸುಮ್ಮನೆ ಕಾಯುವುದು, ಮೈ ಒಪ್ಪುವ ತನಕ. ಆಮೇಲೆ ಹೆಬ್ಬೆರಳು, ಗೆಣ್ಣು, ಕೊನೆಗೆ ಮೊಣಕೈ. ತಳ್ಳುವುದಲ್ಲ, ತನ್ನ ಮೈಭಾರವನ್ನು ಮೆಲ್ಲಗೆ ಇಳಿಬಿಡುವುದು. ಒಂದು ಉಸಿರಿಗೆ ಒಂದು ಬೆರಳಿನಷ್ಟು ದಾರಿ, ಅದಕ್ಕಿಂತ ಹೆಚ್ಚಿಲ್ಲ. ಬೆನ್ನುಮೂಳೆಗೂ ರೆಕ್ಕೆಮೂಳೆಗೂ ನಡುವೆ ಒಂದು ಕಡೆ ಮೊಣಕೈ ನಿಂತಿತು. "ಇಲ್ಲಿದೆ ನೋಡು, ಒಣ ಬಟಾಣಿ ಹಾಗೆ. ಉಸಿರು ಬಿಡು. ಬಿಡು ತಾಯಿ, ನಾನೇನು ಅದನ್ನ ಕದಿಯಲ್ಲ." ಕತ್ತರಿ ಅಕ್ಕ ಹಲ್ಲು ಕಚ್ಚಿಕೊಂಡೇ ಇದ್ದಳು, ಉಸಿರು ಬಿಡಲಿಲ್ಲ.

ಹೊರಡುವಾಗ ಮಾಲೀಸಿನಮ್ಮ ಹೇಳಿದಳು: "ನಾಳೆ ಯಾರೋ ಹೊಡೆದ ಹಾಗೆ ನೋಯುತ್ತೆ. ನಾಡಿದ್ದೂ ನೋಯುತ್ತೆ. ಆಮೇಲೆ ಸಡಿಲ ಆಗುತ್ತೆ. ಅಲ್ಲೀತನಕ ನನ್ನ ಬೈಬೇಡ."

ಬುಧವಾರ ಹೆಗಲು ಊದಿ, ಬೆನ್ನ ಮೇಲೆ ನೇರಳೆ ಬಣ್ಣದ ಗುರುತು ಮೂಡಿತು. ಎದೆಮಟ್ಟಕ್ಕೆ ಬರುತ್ತಿದ್ದ ಕೈ ಈಗ ಸೊಂಟಮಟ್ಟಕ್ಕೇ ನಿಂತಿತು. ಎರಡನೇ ಕತ್ತರಿ ಹತ್ತಿರ ಬಂದು, "ಹೇಗಿದೆ ಅಕ್ಕಾ?" ಅಂದಳು. ಅದೇ ಸಾಕಾಯಿತು.

"ಕೇಳಿದ್ಯಾ ಕಾಜಕ್ಕಾ, ಎಷ್ಟು ಪ್ರೀತಿ! ಎರಡೆರಡು ದಿನಕ್ಕೊಂದ್ಸಲ ಹೀಗೆ ನೋಯಿಸ್ತಾ ಹೋದ್ರೆ ಸೋಮವಾರ ತಾನಾಗೇ ಬಂದುಬಿಡುತ್ತಲ್ಲ. ಕೇಳಿದ್ರೆ 'ನಾಡಿದ್ದು ಸಡಿಲ ಆಗುತ್ತೆ' ಅಂದ್ರಾಯ್ತು."

ಗುರುವಾರ ಸಂಜೆ ಹೋದವಳೇ ಬೆನ್ನು ತೋರಿಸಿ, ನನ್ನ ಕೈ ಮುರಿಯೋಕೆ ಹೊರಟಿದ್ದೀಯಾ ಎಂದು ಬಾಯಿ ಮಾಡಿದಳು. ಮಾಲೀಸಿನಮ್ಮ ಅಂದು ಹಗುರವಾಗಿ ನೀವಿದಳು, ದೋಸೆಗೆ ಎಣ್ಣೆ ಸವರಿದ ಹಾಗೆ. ಎದ್ದು ಕುಳಿತ ಕತ್ತರಿ ಅಕ್ಕ, "ಇವತ್ತೇನು ಒತ್ತಲೇ ಇಲ್ವಲ್ಲ, ಯಾಕೆ?" ಅಂದಳು.

"ಅಯ್ಯೋ ನಿನ್ನ! ಒತ್ತಿದ್ರೆ ಕೊಂದೆ ಅಂತೀಯ, ಒತ್ತದಿದ್ರೆ ಯಾಕೆ ಅಂತೀಯ. ನೀನು ಕೂಗಾಡಿದ ಮೇಲೆ ನನ್ನ ಕೈಗೇ ಭಯ ಬಂತು. ನಾಳೆ ಬೀದಿಲಿ, ಸೊಸೆಗೋಸ್ಕರ ಕೈ ಮುರಿದ್ಲು ಅಂದ್ರೆ ನಾನು ಯಾರಿಗೆ ಮುಖ ತೋರಿಸ್ಲಿ? ಇಂಥ ಕೈಯಿಂದ ಆ ಗಂಟು ಜನ್ಮದಲ್ಲಿ ಬಿಡಲ್ಲ."

"ಹಾಗಾದ್ರೆ ಒಂದು ಮಾತು," ಅಂದಳು ಕತ್ತರಿ ಅಕ್ಕ. "ಶನಿವಾರ ನಿನ್ನ ಸೊಸೆನ ಕರೆಸು. ಮಂಗಳವಾರ ನನಗೆ ಮಾಡಿದ್ದನ್ನೇ ಅವಳಿಗೆ ಮಾಡು. ಅದೇ ಹೆಗಲು, ಅದೇ ಜಾಗ, ಅಷ್ಟೇ ಭಾರ. ನಾನು ನಿಂತು ನೋಡ್ತೀನಿ. ಆಮೇಲೆ ನಾನು ಮಲಗ್ತೀನಿ, ಎಷ್ಟು ಬೇಕಾದ್ರೂ ಒತ್ತು."

"ಗಂಟಿಲ್ಲದ ಹೆಗಲನ್ನ ಹಾಗೆಲ್ಲ ಒತ್ತಬಾರ್ದು ಕಣೇ."

"ಯಾಕೆ, ಸೊಸೆಗೆ ನೋವಾಗುತ್ತೇಂತಲಾ?"

ಆ ಮಾತು ಸರಿಯಾಗಿ ನಾಟಿತು. ಕೈಗುಣದ ಮೇಲೆ ಬಂದ ಮಾತನ್ನು ಯಾವ ಕಸುಬುದಾರಳೂ ಹೊಟ್ಟೆಗೆ ಹಾಕಿಕೊಳ್ಳುವುದಿಲ್ಲ. "ಬರ್ತಾಳೆ ಹೋಗು," ಅಂದಳು ಮಾಲೀಸಿನಮ್ಮ. ಬುದ್ಧಿ ಇದ್ದ ಇಬ್ಬರು ಹೆಂಗಸರು ಹಟಕ್ಕೆ ಬಿದ್ದು ಬುದ್ಧಿಯನ್ನು ಬಾಗಿಲಾಚೆ ಬಿಟ್ಟದ್ದು ಹೀಗೆ. ನಾನು ಅಲ್ಲೇ ಇದ್ದೆ, ತಡೆಯಲಿಲ್ಲ. ಅದು ನನ್ನ ತಪ್ಪು.

ಶನಿವಾರ ಸೊಸೆ ಗೊಣಗುತ್ತಾ ಬಂದು ಬಾಗಿಲ ಮೇಲೆ ಬೋರಲು ಮಲಗಿದಳು. ಮೊಣಕೈ ಊರಿತೋ ಇಲ್ಲವೋ, ಲಾಂಡ್ರಿಯವರು ಇಸ್ತ್ರಿ ನಿಲ್ಲಿಸುವ ಹಾಗೆ ಕಿರುಚಿದಳು.

"ಅತ್ತೇ! ಮನೇಲಿ ಮಾಡೋದು ಸಾಲ್ದೂಂತ ಇಲ್ಲೂನಾ!"

"ಬಾಯಿ ಮುಚ್ಚೇ, ಮರ್ಯಾದೆ ಪ್ರಶ್ನೆ."

"ಮರ್ಯಾದೆ ನಿಮ್ದು, ಬೆನ್ನು ನಂದು!"

ಕತ್ತರಿ ಅಕ್ಕ ಬಗ್ಗಿ, ಮೊಣಕೈ ಎಷ್ಟು ಒಳಗಿಳಿದಿದೆ ಎಂದು ಕಣ್ಣಲ್ಲೇ ಅಳೆಯುತ್ತಿದ್ದಳು. ಬೆರಳು ಮಡಚಿ ಉಸಿರು ಎಣಿಸುತ್ತಿದ್ದಳು. ಮಾಲೀಸಿನಮ್ಮ ಕೈ ತೆಗೆದಾಗ, "ಇನ್ನೂ ಹನ್ನೊಂದು ಉಸಿರು ಬಾಕಿ ಇದೆ. ನನಗೆ ನಲವತ್ತು ಮಾಡಿದ್ದೆ," ಅಂದಳು. ಹನ್ನೊಂದೂ ಆಯಿತು.

ಆಮೇಲೆ ತಾನು ಮಲಗಿದಳು. ಮಾಲೀಸಿನಮ್ಮ ಈ ಸಲ ಹಿಂದೆ ಮುಂದೆ ನೋಡದೆ ಇಡೀ ಮೈಭಾರ ಇಳಿಬಿಟ್ಟಳು. ಬಹಳ ಹೊತ್ತು ಹಾಗೇ ಇದ್ದಳು. ಇದ್ದಕ್ಕಿದ್ದಂತೆ ಕತ್ತರಿ ಅಕ್ಕನ ಬಾಯಿಂದ ಉದ್ದವಾದ ಉಸಿರೊಂದು ಹೊರಟಿತು. ತಿಂಗಳುಗಟ್ಟಲೆ ಕಿವಿಯ ಹತ್ತಿರವೇ ಇದ್ದ ಹೆಗಲು ಎರಡು ಬೆರಳು ಕೆಳಗಿಳಿಯಿತು. ಕೆನ್ನೆ ಒದ್ದೆಯಾಗಿತ್ತು.

"ಎಣ್ಣೆ ಕಣ್ಣಿಗೆ ಹೋಯ್ತು," ಅಂದಳು.

"ಹೂಂ, ಹೋಗುತ್ತೆ," ಅಂದಳು ಮಾಲೀಸಿನಮ್ಮ.

ಸೋಮವಾರ ಆಸ್ಪತ್ರೆಯ ಬಟ್ಟೆ ಬಂತು. ಕತ್ತರಿ ಅಕ್ಕ ನೋವಿನಲ್ಲೇ ಕೈ ಎತ್ತಿದಳು. ಎದೆ ದಾಟಿತು, ಗಲ್ಲ ದಾಟಿತು, ಕಿವಿ ಮುಟ್ಟಿತು. ಅಷ್ಟರಲ್ಲಿ ಎರಡನೇ ಕತ್ತರಿ ಬಂದಳು, ಕುತ್ತಿಗೆ ಒಂದು ಕಡೆಗೆ ವಾಲಿಸಿಕೊಂಡು. ಬಲಗೈ ಸೊಂಟದಿಂದ ಮೇಲೆ ಬರುತ್ತಿರಲಿಲ್ಲ.

ಯಜಮಾನಿ ವಿಷಯ ಕೇಳಿ ಮೊದಲು ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ನಗು ನಿಲ್ಲಿಸಿ ಕತ್ತರಿ ಅಕ್ಕನನ್ನು ದಿಟ್ಟಿಸಿದಳು. "ಒಂದ್ನಿಮಿಷ. ಅವಳನ್ನ ಮಲಗಿಸು ಅಂದಿದ್ದು ಯಾರು? ನೀನೇನಾ?"

"ನಾನೇ. ಆದ್ರೆ ಅದು..."

"ಸೋಮವಾರಕ್ಕೆ ಎರಡು ದಿನ ಮುಂಚೆ?"

ಹೊಲಿಗೆಯಂತ್ರಗಳು ಒಂದೊಂದಾಗಿ ನಿಂತವು. "ಭಾರೀ ತಲೆ," ಎಂದು ನಮ್ಮ ಅಂಗಡಿಯಲ್ಲಿ ಇಸ್ತ್ರಿ ಹಾಕುವವಳು ಯಾರಿಗೂ ಅಲ್ಲದ ಹಾಗೆ, ಎಲ್ಲರಿಗೂ ಕೇಳುವ ಹಾಗೆ ಅಂದಳು. ಕತ್ತರಿ ಅಕ್ಕ ಆಣೆ ಮಾಡಿದಳು, ನನ್ನನ್ನು ಸಾಕ್ಷಿಗೆ ಕರೆದಳು. ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಹೇಳುತ್ತಾ ಹೋದಷ್ಟೂ ಅದು ಬೇಕೆಂದೇ ಮಾಡಿದ ಸಂಚಿನ ಹಾಗೇ ಕೇಳಿಸಿತು. ಎರಡನೇ ಕತ್ತರಿ ಜಗಳಕ್ಕೆ ಬರಲಿಲ್ಲ. "ನಿಮ್ಮಿಂದ ಬಟ್ಟೆ ಕತ್ತರಿಸೋದೊಂದೇ ಕಲಿಯೋದಿದೆ ಅಂದ್ಕೊಂಡಿದ್ದೆ ಅಕ್ಕಾ," ಎಂದಷ್ಟೇ ಹೇಳಿ ನನ್ನ ಪಕ್ಕದಲ್ಲಿ ಕುಳಿತಳು.

ಮಧ್ಯಾಹ್ನ ಊಟದ ಡಬ್ಬಿ ತೆರೆಯದೆ ಕತ್ತರಿ ಅಕ್ಕ ಕೇಳಿದಳು: "ಕಾಜಕ್ಕಾ, ನಾನು ಬೇಕಂತಲೇ ಮಾಡಿದ್ನಾ?"

"ಅದು ನಿನಗೆ ತಾನೇ ಗೊತ್ತಿರ್ಬೇಕು?"

"ಗೊತ್ತಿದ್ರೆ ನಿನ್ನ ಕೇಳ್ತಿದ್ನಾ? ಹನ್ನೊಂದು ಉಸಿರು ಬಾಕಿ ಅಂದ್ನಲ್ಲ. ನನಗೆ ಮಾಡಿದ್ದು ನಲವತ್ತೇ ಅಂತ ನಾನು ಮಂಗಳವಾರ ಎಣಿಸಿದ್ದೆನಾ?"

ನಾನು ಅವಳ ಡಬ್ಬಿ ತೆರೆದು ಮುಂದಿಟ್ಟೆ. ಊರಿನವರನ್ನೆಲ್ಲ ಅನುಮಾನಿಸಿದವಳ ಪಟ್ಟಿಯಲ್ಲಿ ಅವಳದೇ ಹೆಸರೊಂದು ಬಿಟ್ಟುಹೋಗಿತ್ತು. ಅಂದು ಸೇರಿತು.

ಅವಳು ಎದ್ದು ನೇರ ಯಜಮಾನಿಯ ಬಳಿ ಹೋದಳು. "ಕೆಲಸ ನಿಲ್ಲಬಾರ್ದು, ಕತ್ತರಿಸ್ತಾ ಇರ್ತೀನಿ. ಆದ್ರೆ ಮೇಜು ಯಾರದ್ದು ಅಂತ ಇವತ್ತು ಹೇಳ್ಬೇಡಿ. ಗುರುವಾರದ ಹೊತ್ತಿಗೆ ಅವಳ ಕೈ ಸರಿಹೋಗುತ್ತೆ. ಇಬ್ಬರಿಗೂ ಎಂಟೆಂಟು ಪದರ ಕೊಟ್ಟು ನೋಡಿ."

ಯಜಮಾನಿ ಕಣ್ಣು ಕಿರಿದು ಮಾಡಿದಳು. "ಇದರೊಳಗೆ ಬೇರೆ ಏನೂ ಇಲ್ಲ ತಾನೇ?"

"ಇದ್ರೂ ಇರ್ಬಹುದು. ನೀವೇ ನಿಂತು ನೋಡಿ," ಅಂದಳು ಕತ್ತರಿ ಅಕ್ಕ.

ಮೂರು ದಿನ ಅಂಗಡಿಯಲ್ಲಿ ಯಾರೂ ಅವಳೊಡನೆ ಮುಖ ಕೊಟ್ಟು ಮಾತಾಡಲಿಲ್ಲ. ಗುರುವಾರ ಬೆಳಿಗ್ಗೆ ಎರಡನೇ ಕತ್ತರಿಯ ಕೈ ಸಲೀಸಾಗಿ ತಲೆಯ ಮೇಲೆ ಹೋಯಿತು. ಯಜಮಾನಿ ಅದನ್ನು ಮೂರು ಸಲ ಎತ್ತಿಸಿ ನೋಡಿದಳು. ಒಂದೇ ಮೇಜು, ಎರಡು ತುದಿ, ಎಂಟೆಂಟು ಪದರ. ಕಿರಿಯವಳು ಬೇಗ ಮುಗಿಸಿದಳು. ಕತ್ತರಿ ಅಕ್ಕ ಕಾಲು ಗಂಟೆ ಹೆಚ್ಚು ತೆಗೆದುಕೊಂಡಳು, ನಡುವೆ ಎರಡು ಸಲ ಹೆಗಲು ಇಳಿಸಿ ಉಸಿರು ಬಿಟ್ಟಳು. ಯಜಮಾನಿ ಇಬ್ಬರ ರಾಶಿಯಿಂದಲೂ ಮೇಲಿನ ಪದರ, ಅಡಿಯ ಪದರ ಎತ್ತಿ ಒಂದರ ಮೇಲೊಂದಿಟ್ಟಳು. ಕಿರಿಯವಳ ಅಡಿಪದರ ಒಂದು ಬೆರಳು ಕಿರಿದಾಗಿತ್ತು. ಕತ್ತರಿ ಅಕ್ಕನದು ಎಳೆಗೆ ಎಳೆ ಕೂತಿತು.

"ಮೇಜು ಇವಳದೇ," ಅಂದಳು ಯಜಮಾನಿ. ಯಂತ್ರಗಳು ಮತ್ತೆ ಶುರುವಾದವು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಎರಡನೇ ಕತ್ತರಿ ತನ್ನ ಅಡಿಪದರವನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು. "ಅಕ್ಕಾ, ಕೆಳಗಿನದು ಮಾತ್ರ ಯಾಕೆ ಜರುಗುತ್ತೆ?"

ಕತ್ತರಿ ಅಕ್ಕ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. "ಕೇಳ್ಕೊಂಡು ಬಾ ಅಂತ ನಿಮ್ಮತ್ತೆ ಕಳಿಸಿದ್ರಾ?"

"ಇಲ್ಲಪ್ಪ, ನಾನೇ ಕೇಳ್ತಿದ್ದೀನಿ."

ಕತ್ತರಿ ಅಕ್ಕ ಆಚೀಚೆ ನೋಡಿ, ನನ್ನನ್ನೂ ಒಮ್ಮೆ ನೋಡಿ, ಕತ್ತರಿ ಕೈಗೆತ್ತಿಕೊಂಡಳು. ಕೆಳಗಿನ ಅಲಗನ್ನು ಮೇಜಿನಿಂದ ಎತ್ತದೆ ನಡೆಸುವುದು, ಎಡಗೈಯ ಭಾರವನ್ನು ಎಲ್ಲಿ ಊರುವುದು, ಎಲ್ಲ ತೋರಿಸಿದಳು. ಮುಕ್ಕಾಲು ಪಾಲು ಹೇಳಿಕೊಟ್ಟಿರಬಹುದು. ಉಳಿದ ಕಾಲು ಪಾಲಿಗೆ, "ನಾಳೆ ನೋಡೋಣ," ಅಂದಳು.